ಹದಿನೆಂಟೂ ಮುಕ್ಕಾಲು ಸೆಂಟಿನ ಕಾಗದ: ಅಮೆರಿಕದ ಹಳೆಯ ಲಕೋಟೆ, ಅಂಚೆ ಠಸ್ಸೆಗಳನ್ನು ಸಂಗ್ರಹಿಸುವ ಬಗೆ

ಚಿಕ್ಕಂದಿನಲ್ಲಿ ಸ್ಟಾಂಪು ಕೂಡಿಹಾಕಿದ ನಮ್ಮಲ್ಲಿ ಹೆಚ್ಚಿನವರ ಕೈಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಲಕೋಟೆಯ ಮೂಲೆ ಕತ್ತರಿಸಿ, ಬಟ್ಟಲು ನೀರಿನಲ್ಲಿ ನೆನೆಹಾಕಿ, ಸ್ಟಾಂಪು ತಾನಾಗಿ ಬಿಟ್ಟುಕೊಂಡ ಮೇಲೆ ಹಳೆ ಪೇಪರಿನ ಮೇಲೆ ಒಣಹಾಕುವುದು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ನನಗೆ 1860ರ ದಶಕದ ಆರು ಲಕೋಟೆ ಸಿಕ್ಕವು. ಎಲ್ಲದರ ಮೇಲೂ ಮೂರು ಸೆಂಟಿನ ಗುಲಾಬಿ ಬಣ್ಣದ ವಾಷಿಂಗ್ಟನ್. ಅದೇ ಸಂಜೆ ಆರನ್ನೂ ನೀರಿಗೆ ಹಾಕಿದೆ. 1861ರಲ್ಲಿ ಬಂದ ಆ ಸ್ಟಾಂಪು ಕೋಟಿಗಟ್ಟಲೆ ಅಚ್ಚಾದದ್ದು, ಈಗಲೂ ಕೇಳಿದಲ್ಲಿ ಸಿಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಯಾವ ಊರಿನಿಂದ ಯಾವ ಊರಿಗೆ, ಯಾವ ದಿನ, ಯಾರ ಹೆಸರಿಗೆ ಎಂಬುದೆಲ್ಲ ಇದ್ದದ್ದು ನಾನು ಕತ್ತರಿಸಿ ಬಿಸಾಡಿದ ಕಾಗದದಲ್ಲಿ. ಅದರಲ್ಲೊಂದು ಹಳ್ಳಿಯ ಹೆಸರು ಇನ್ನೂ ನೆನಪಿದೆ. ಆ ಹಳ್ಳಿಯ ಇನ್ನೊಂದು ಲಕೋಟೆ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ಮೊದಲ ಮಾತು ಇದೇ: ಹಳೆಯ ಲಕೋಟೆ ಕೈಗೆ ಬಂದರೆ ಕತ್ತರಿಯನ್ನೂ ನೀರನ್ನೂ ದೂರವಿಡಿ. ಸ್ಟಾಂಪು, ಠಸ್ಸೆ, ವಿಳಾಸ, ಹಿಂಬದಿಯ ಗೀಚು, ಎಲ್ಲ ಸೇರಿಯೇ ಒಂದು ವಸ್ತು. ಅಂಚೆಯಲ್ಲಿ ಹೋಗಿಬಂದ ಇಂಥ ಇಡಿಯ ವಸ್ತುವನ್ನು ಸಂಗ್ರಾಹಕರು ‘ಕವರ್’ ಎನ್ನುತ್ತಾರೆ. ಲಕೋಟೆಯೇ ಇಲ್ಲದ, ಬರೀ ಮಡಚಿದ ಕಾಗದಕ್ಕೂ ಇದೇ ಹೆಸರು.

ಕ್ಷೇತ್ರ ಚಿಕ್ಕದಿರಲಿ

‘19ನೇ ಶತಮಾನದ ಅಮೆರಿಕ’ ಎಂದು ಹೊರಟರೆ ಎರಡು ವರ್ಷದಲ್ಲಿ ಡಬ್ಬಿ ತುಂಬುತ್ತದೆ, ತಲೆಗೆ ಏನೂ ಹತ್ತಿರುವುದಿಲ್ಲ. ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಒಂದು ರೈಲು ಮಾರ್ಗ, ಒಂದು ದರದ ಕಾಲ, ಹೀಗೆ ಏನಾದರೊಂದನ್ನು ಹಿಡಿಯಿರಿ. ನಾನು ಹಿಡಿದದ್ದು ವರ್ಮಾಂಟ್ ರಾಜ್ಯದ ಆಗ್ನೇಯ ಮೂಲೆಯ ವಿಂಡಮ್ ಕೌಂಟಿ. ಅಲ್ಲಿಯ ಬ್ರ್ಯಾಟಲ್‌ಬರೊ ಊರಿನ ಪೋಸ್ಟ್ ಮಾಸ್ಟರ್ ಫ್ರೆಡರಿಕ್ ಪಾಮರ್, ಸರ್ಕಾರ ಇನ್ನೂ ಸ್ಟಾಂಪು ಹೊರಡಿಸದ 1846ರಲ್ಲಿ ತಾನೇ ಐದು ಸೆಂಟಿನ ಸ್ಟಾಂಪು ಅಚ್ಚು ಹಾಕಿಸಿದ. ಅದನ್ನು ಕೊಳ್ಳುವ ಶಕ್ತಿ ನನಗಿಲ್ಲ, ಬೇಕೆಂದೂ ಇಲ್ಲ. ಅದೇ ಊರಿನಿಂದ ಸ್ಟಾಂಪಿಲ್ಲದೆ ಹೊರಟ ಸಾಮಾನ್ಯ ಕಾಗದಗಳು ನಾಲ್ಕಾರು ಡಾಲರಿಗೆ ಸಿಗುತ್ತವೆ, ಕಲಿಯಲು ಅವು ಧಾರಾಳ ಸಾಕು.

ನೀವು ಅಮೆರಿಕದಲ್ಲಿದ್ದರೆ ಈಗ ವಾಸವಿರುವ ಊರಿನಿಂದಲೇ ಶುರುಮಾಡಿ. ನ್ಯೂಜೆರ್ಸಿಯ ಎಡಿಸನ್ ಸುತ್ತ ಬಹಳಷ್ಟು ಕನ್ನಡ ಮನೆಗಳಿವೆ. 19ನೇ ಶತಮಾನದಲ್ಲಿ ಆ ಹೆಸರಿನ ಊರೇ ಇರಲಿಲ್ಲ, 1870ರಿಂದ ಅದು ರ್‍ಯಾರಿಟನ್ ಟೌನ್‌ಶಿಪ್. ದಿನಾ ಕಾರಿನಲ್ಲಿ ಹಾದುಹೋಗುವ ರಸ್ತೆ ಒಂದು ಕಾಲದಲ್ಲಿ ಯಾವ ಹೆಸರಿನಿಂದ ಕಾಗದ ಕಳಿಸುತ್ತಿತ್ತು ಎಂದು ತಿಳಿದಾಗ ಆಗುವ ಖುಷಿ ದುಬಾರಿ ಸ್ಟಾಂಪಿನಿಂದ ಬರುವಂಥದ್ದಲ್ಲ.

ಅಂಕಿ ಓದಲು ಕಲಿಯಿರಿ

ಇಡೀ ಹವ್ಯಾಸದ ಜೀವ ಇರುವುದು ಇಲ್ಲಿ. ಕವರಿನ ಮೇಲಿನ ಅಂಕಿ, ಅದು ಹೋದ ದೂರ ಮತ್ತು ತಾರೀಖು, ಈ ಮೂರರ ಲೆಕ್ಕ ಕೂಡಬೇಕು. ಕೂಡಿದರೆ ಕವರನ್ನು ನೀವು ಓದಿದಿರಿ. ಕೂಡದಿದ್ದರೆ ನಿಮಗೆ ಗೊತ್ತಿಲ್ಲದ ಯಾವುದೋ ನಿಯಮ ಅಲ್ಲಿದೆ, ಇಲ್ಲವೇ ಯಾರೋ ಕೈಯಾಡಿಸಿದ್ದಾರೆ.

1845ಕ್ಕೆ ಮೊದಲು ಅಮೆರಿಕದಲ್ಲಿ ಅಂಚೆ ದರ ನಿಂತಿದ್ದುದು ಎರಡರ ಮೇಲೆ: ಎಷ್ಟು ಹಾಳೆ, ಎಷ್ಟು ಮೈಲಿ. 1816ರಿಂದ ಒಂದು ಹಾಳೆಯ ಕಾಗದಕ್ಕೆ 30 ಮೈಲಿಯವರೆಗೆ 6 ಸೆಂಟ್, 80ರವರೆಗೆ 10, 150ರವರೆಗೆ 12½, 400ರವರೆಗೆ 18½, ಅದರಾಚೆ 25. ಈ 18½ನ್ನು 1825ರಲ್ಲಿ 18¾ ಮಾಡಿದರು. ಎರಡು ಹಾಳೆಯಾದರೆ ಎರಡು ಪಟ್ಟು, ಮೂರಾದರೆ ಮೂರು ಪಟ್ಟು. ಲಕೋಟೆಗೆ ಹಾಕಿದರೆ ಆ ಲಕೋಟೆಯೂ ಒಂದು ಹಾಳೆಯ ಲೆಕ್ಕ! ಹೀಗಾಗಿ ಜನ ಒಂದೇ ದೊಡ್ಡ ಹಾಳೆಯ ಮೂರು ಮಗ್ಗುಲಲ್ಲಿ ಬರೆದು, ನಾಲ್ಕನೆಯದು ಹೊರಗೆ ಬರುವಂತೆ ಮಡಚಿ, ಅರಗಿನಿಂದ ಅಂಟಿಸಿ, ಹೊರಗೆ ವಿಳಾಸ ಬರೆಯುತ್ತಿದ್ದರು. ನಮ್ಮ ಇನ್‌ಲ್ಯಾಂಡ್ ಲೆಟರ್ ಬಿಡಿಸಿದ ನೆನಪಿರುವವರಿಗೆ ಈ ಮಡಿಕೆ ಕೂಡಲೇ ಅರ್ಥವಾಗುತ್ತದೆ. ದುಡ್ಡನ್ನು ಕಳಿಸುವವರಾದರೂ ಕೊಡಬಹುದಿತ್ತು, ಪಡೆಯುವವರಾದರೂ ಕೊಡಬಹುದಿತ್ತು. ಬಹಳಷ್ಟು ಪಡೆಯುವವರ ತಲೆಗೇ ಬೀಳುತ್ತಿತ್ತು. ನಮ್ಮ ಹಿರಿಯರು ‘ಬೇರಿಂಗ್ ಕಾಗದ’ ಅನ್ನುತ್ತಿದ್ದರಲ್ಲ, ಅದೇ. ಮೊದಲೇ ಕೊಟ್ಟಿದ್ದರೆ ‘ಪೇಯ್ಡ್’ ಎಂಬ ಠಸ್ಸೆಯೋ ಕೈಬರಹವೋ ಇರುತ್ತದೆ.

ಹದಿನೆಂಟೂ ಮುಕ್ಕಾಲು ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು? ಆಗ ಅಮೆರಿಕದ ಪೇಟೆಗಳಲ್ಲಿ ಸ್ಪೇನಿನ ಬೆಳ್ಳಿ ನಾಣ್ಯ ಓಡಾಡುತ್ತಿತ್ತು, 1857ರವರೆಗೂ ಅದಕ್ಕೆ ಕಾನೂನಿನ ಮಾನ್ಯತೆಯಿತ್ತು. ಒಂದು ಸ್ಪ್ಯಾನಿಷ್ ಡಾಲರಿಗೆ ಎಂಟು ರಿಯಾಲ್. ಅಂದರೆ ಒಂದು ರಿಯಾಲಿಗೆ ಹನ್ನೆರಡೂವರೆ ಸೆಂಟ್, ಅರ್ಧಕ್ಕೆ ಆರೂಕಾಲು, ಒಂದೂವರೆಗೆ ಹದಿನೆಂಟೂ ಮುಕ್ಕಾಲು, ಎರಡಕ್ಕೆ ಇಪ್ಪತ್ತೈದು. ಈ ಸಾಲನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ: ಆರೂಕಾಲು, ಹನ್ನೆರಡೂವರೆ, ಹದಿನೆಂಟೂ ಮುಕ್ಕಾಲು, ಇಪ್ಪತ್ತೈದು. ಒಂದಾಣೆ, ಎರಡಾಣೆ, ಮೂರಾಣೆ, ನಾಲ್ಕಾಣೆ! 1957ರಲ್ಲಿ ನಯಾಪೈಸೆ ಬಂದಾಗ ಆಣೆಯನ್ನು ಪೈಸೆಗೆ ತಿರುಗಿಸಿದ ಲೆಕ್ಕವೂ ಇದೇ. ನೂರನ್ನು ಹದಿನಾರು ಪಾಲು ಮಾಡಿದರೆ ಎಲ್ಲಿಯಾದರೂ ಇದೇ ಉತ್ತರ ಬರಬೇಕು ತಾನೆ. ಆಣೆ ಲೆಕ್ಕ ಕೇಳಿ ಬೆಳೆದ ಕನ್ನಡಿಗರಿಗೆ ಬಾಸ್ಟನ್ನಿನ ವ್ಯಾಪಾರಿಯ ಕಾಗದ ಅಷ್ಟರಮಟ್ಟಿಗೆ ಹತ್ತಿರದ್ದು. ದರ 6 ಸೆಂಟ್ ಎಂದಿದ್ದರೂ ಎಷ್ಟೋ ಕಾಗದಗಳ ಮೇಲೆ 6¼ ಎಂದು ಬರೆದಿರುವುದೂ ಇದೇ ಕಾರಣಕ್ಕೆ.

ಈಗ ಒಂದು ಕಾಗದ ಹಿಡಿಯೋಣ. ಬಾಸ್ಟನ್‌ನಿಂದ ಫಿಲಡೆಲ್ಫಿಯಾಕ್ಕೆ, ಒಳಗೆ 1838ರ ತಾರೀಖು, ಮೇಲ್ಮೂಲೆಯಲ್ಲಿ ಶಾಯಿಯಲ್ಲಿ 37½. ದೂರ ಸುಮಾರು 300 ಮೈಲಿ, ಅಂದರೆ 18¾ ಸೆಂಟಿನ ವರ್ಗ. ಬರೆದಿರುವುದು ಅದರ ಎರಡು ಪಟ್ಟು. ಹಾಗಿದ್ದರೆ ಒಳಗೆ ಇನ್ನೊಂದು ಹಾಳೆ ಇತ್ತು. ಈಗ ಅದಿಲ್ಲ. ಹುಂಡಿಯೋ ರಸೀದಿಯೋ ಏನೋ. ಒಕ್ಕಣೆ ಓದಿ ನೋಡಿ, ‘ಇದರೊಂದಿಗೆ ಇಂಥದ್ದು ಲಗತ್ತಿಸಿದ್ದೇನೆ’ ಎಂಬ ಸಾಲು ಎಲ್ಲಾದರೂ ಸಿಕ್ಕೀತು. ಅಂಕಿಯೊಂದರಿಂದ ಕಳೆದುಹೋದ ಹಾಳೆಯ ಸುಳಿವು ಹಿಡಿಯುವ ಈ ಕೆಲಸ ನನಗೆ ಇಂದಿಗೂ ಬೇಸರ ತಂದಿಲ್ಲ.

1845ರ ಜುಲೈ 1ರಿಂದ ಎಲ್ಲ ಬದಲಾಯಿತು. ಹಾಳೆ ಎಣಿಸುವುದು ಹೋಗಿ ತೂಕ ಬಂತು: ಅರ್ಧ ಔನ್ಸಿಗೆ 300 ಮೈಲಿಯೊಳಗೆ 5 ಸೆಂಟ್, ಅದರಾಚೆ 10. ಲಕೋಟೆ ಹೊರೆಯಾಗದ ಕಾರಣ ಆಮೇಲೆ ಲಕೋಟೆಗಳು ಹೆಚ್ಚುತ್ತ ಹೋದವು. 1847ರ ಜುಲೈ 1ಕ್ಕೆ ಮೊದಲ ಸರ್ಕಾರಿ ಸ್ಟಾಂಪುಗಳು ಬಂದವು, ಫ್ರಾಂಕ್ಲಿನ್ ಮುಖದ 5 ಸೆಂಟ್ ಮತ್ತು ವಾಷಿಂಗ್ಟನ್ ಮುಖದ 10 ಸೆಂಟ್. ನಾಲ್ಕೇ ವರ್ಷಕ್ಕೆ, 1851ರ ಜುಲೈ 1ರಂದು, ಅವೆರಡೂ ರದ್ದಾದವು. ಅಂದಿನಿಂದ 3,000 ಮೈಲಿಯೊಳಗೆ ಮೊದಲೇ ಕೊಟ್ಟರೆ 3 ಸೆಂಟ್, ಕೊಡದಿದ್ದರೆ 5. 1855ರ ಏಪ್ರಿಲ್‌ನಿಂದ ಮೊದಲೇ ಕೊಡುವುದು ಕಡ್ಡಾಯ, 1856ರ ಜನವರಿ 1ರಿಂದ ಸ್ಟಾಂಪು ಅಂಟಿಸುವುದೂ ಕಡ್ಡಾಯ. 1863ರ ಜುಲೈನಿಂದ ದೂರದ ಗೊಡವೆಯೇ ಇಲ್ಲದೆ ದೇಶವಿಡೀ 3 ಸೆಂಟ್, 1883ರ ಅಕ್ಟೋಬರ್‌ನಿಂದ 2.

ಈ ತಾರೀಖುಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಯಾಕೆಂದರೆ 1850ರ ದಶಕದವರೆಗೆ ಹೆಚ್ಚಿನ ಠಸ್ಸೆಗಳಲ್ಲಿ ತಿಂಗಳು, ದಿನ ಮಾತ್ರ ಇರುತ್ತದೆ, ಇಸವಿ ಇರುವುದಿಲ್ಲ. ಸ್ಟಾಂಪಿಲ್ಲದ ಲಕೋಟೆಯ ಮೇಲೆ ‘ಪೇಯ್ಡ್ 3’ ಕಂಡರೆ ಅದು 1851ರಿಂದ 55ರೊಳಗಿನದು, ಕಣ್ಣುಮುಚ್ಚಿ ಹೇಳಬಹುದು. ಬರೀ ‘5’ ಇದ್ದರೆ 1845–51ರದ್ದೂ ಆಗಬಹುದು, 1851–55ರ ಬೇರಿಂಗ್ ಕಾಗದವೂ ಆಗಬಹುದು. ‘10’ ಇನ್ನೂ ತೊಡಕಿನದು: 1845ಕ್ಕೆ ಮೊದಲಾದರೆ 30ರಿಂದ 80 ಮೈಲಿಯ ದರ, ಆಮೇಲಾದರೆ 300 ಮೈಲಿ ದಾಟಿದ ದರ. ನಕ್ಷೆ ತೆಗೆದು ದೂರ ಅಳೆದರೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಸಿಗುತ್ತದೆ. ನೆನಪಿಡಿ, ಲೆಕ್ಕಕ್ಕೆ ಬರುವುದು ಅಂಚೆ ಸಾಗಿದ ರಸ್ತೆಯ ದೂರ, ಹಕ್ಕಿ ಹಾರುವ ದೂರ ಅಲ್ಲ. ಇಸವಿಗೆ ಇನ್ನೊಂದು ಆಧಾರ ಕಾಗದದ ಅಂಚಿನ ಟಿಪ್ಪಣಿ. ವ್ಯಾಪಾರಿಗಳು, ವಕೀಲರು ಕಾಗದ ಕಟ್ಟಿಡುವಾಗ ಯಾರಿಂದ, ಯಾವಾಗ ಬಂತು ಎಂದು ಬರೆದಿಡುತ್ತಿದ್ದರು. ಇದನ್ನು ಕಲೆಯೆಂದು ಅಳಿಸಿಹಾಕಿದವರಿದ್ದಾರೆ. ನೋಡಿದರೆ ಸಂಕಟವಾಗುತ್ತದೆ.

ಠಸ್ಸೆಗಳ ಪರಿಚಯ

ಸಾಕಷ್ಟು ಆದಾಯವಿಲ್ಲದ ಹಳ್ಳಿ ಕಚೇರಿಗೆ ಇಲಾಖೆ ಠಸ್ಸೆ ಕೊಡುತ್ತಿರಲಿಲ್ಲ. ಪೋಸ್ಟ್ ಮಾಸ್ಟರ್ ಸ್ವಂತ ದುಡ್ಡಿನಲ್ಲಿ ಮಾಡಿಸಬೇಕು, ಇಲ್ಲವೇ ಊರಿನ ಹೆಸರು, ದಿನಾಂಕವನ್ನು ಪೆನ್ನಿನಲ್ಲಿ ಬರೆಯಬೇಕು. ಹೊಸಬರು ಇಂಥ ಕೈಬರಹದ ಗುರುತನ್ನು ಕೀಳು ಎಂದು ಬದಿಗೆ ಸರಿಸುತ್ತಾರೆ. ನನ್ನ ಮಟ್ಟಿಗೆ ಅವೇ ಅಚ್ಚುಮೆಚ್ಚು: ದಿನಸಿ ಅಂಗಡಿಯ ಮೂಲೆಯಲ್ಲಿ ಅಂಚೆ ನಡೆಸುತ್ತಿದ್ದವನ ಕೈಬರಹ ಅದು. ಸ್ವಲ್ಪ ಉಳ್ಳ ಊರುಗಳು ಮರದಲ್ಲಿ, ಹಿತ್ತಾಳೆಯಲ್ಲಿ ಕೊರೆಸಿದವು, ಇಲ್ಲವೇ ಮುದ್ರಣಾಲಯದ ಮೊಳೆಗಳನ್ನೇ ಜೋಡಿಸಿ ನೇರ ಗೆರೆಯ ಠಸ್ಸೆ ಮಾಡಿಕೊಂಡವು. ಅಂಡಾಕಾರ, ಆಮೇಲೆ ಎಲ್ಲೆಲ್ಲೂ ವೃತ್ತ. ಕಪ್ಪಲ್ಲದೆ ಕೆಂಪು, ನೀಲಿ, ಅಪರೂಪಕ್ಕೆ ಹಸಿರು ಶಾಯಿಯೂ ಉಂಟು.

ಊರಿನ ಠಸ್ಸೆಯಿಂದಲೇ ಸ್ಟಾಂಪನ್ನು ಹೊಡೆಯಬಾರದು, ಅದಕ್ಕೆ ಬೇರೆ ಗುರುತು ಬೇಕು ಎಂದು 1860ರಲ್ಲಿ ಆಜ್ಞೆಯಾಯಿತು. ಆಗ ಗುಮಾಸ್ತರು ಬೆಂಡಿನ ತುಂಡುಗಳಲ್ಲಿ ನಕ್ಷತ್ರ, ಶಿಲುಬೆ, ಎಲೆ ಕೆತ್ತತೊಡಗಿದರು. ಕನೆಕ್ಟಿಕಟ್‌ನ ವಾಟರ್‌ಬರಿ ಅಂಚೆ ಕಚೇರಿಯ ಜಾನ್ ಹಿಲ್ ಇದರಲ್ಲಿ ಎತ್ತಿದ ಕೈ. 1869ರಲ್ಲಿ ಅವನು ಕೆತ್ತಿದ ‘ಓಡುವ ಕೋಳಿ’ ಅಮೆರಿಕದ ಠಸ್ಸೆಗಳಲ್ಲೇ ಅತಿ ಹೆಸರಾದದ್ದು. ಬೆಂಡು ಬೇಗ ಸವೆಯುವುದರಿಂದ ಒಂದೊಂದು ಚಿತ್ರದ ಆಯುಸ್ಸು ಕೆಲವೇ ದಿನ.

ಊರಿನ ಹೆಸರಲ್ಲದೆ ಬೇರೆ ಪದಗಳಿದ್ದರೆ ಅವನ್ನು ಮೊದಲು ಓದಿ. ‘ಶಿಪ್’ ಎಂದರೆ ಖಾಸಗಿ ಹಡಗಿನ ಕಪ್ತಾನ ತಂದುಕೊಟ್ಟದ್ದು. ‘ಸ್ಟೀಮ್‌ಬೋಟ್’ ನದಿಯ ಉಗಿದೋಣಿಯದು. ‘ಆರ್.ಆರ್.’ ರೈಲಿನಲ್ಲಿ ಹಾಕಿದ ಗುರುತು. ‘ಅಡ್ವರ್ಟೈಸ್ಡ್’ ಎಂದಿದ್ದರೆ ಕಾಗದ ಕೇಳಲು ಯಾರೂ ಬಾರದೆ ಹೆಸರನ್ನು ಪತ್ರಿಕೆಯಲ್ಲಿ ಪ್ರಕಟಿಸಿದ್ದರು ಎಂದರ್ಥ. 1861ರಲ್ಲಿ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ಕಚೇರಿಗಳಲ್ಲಿ ಉಳಿದ ದಾಸ್ತಾನು ಶತ್ರುವಿಗೆ ಹಣವಾಗದಿರಲೆಂದು ಉತ್ತರದ ಸರ್ಕಾರ ಹಳೆಯ ಸ್ಟಾಂಪುಗಳನ್ನು ರದ್ದು ಮಾಡಿತು. ‘ಓಲ್ಡ್ ಸ್ಟಾಂಪ್ಸ್ ನಾಟ್ ರೆಕಗ್ನೈಸ್ಡ್’ ಎಂಬ ಠಸ್ಸೆ ಆ ದಿನಗಳದು. ದಕ್ಷಿಣದಲ್ಲಿ ಕಾಗದಕ್ಕೇ ಬರ ಬಂದು ಬಳಸಿದ ಲಕೋಟೆಯನ್ನು ಒಳಹೊರಗು ಮಾಡಿ ಮತ್ತೆ ಕಳಿಸಿದರು, ಗೋಡೆಗೆ ಹಚ್ಚುವ ಹೂವಿನ ಕಾಗದದಿಂದ ಲಕೋಟೆ ಮಡಚಿದರು. ಅಂಥದ್ದನ್ನು ಕೈಯಲ್ಲಿ ಹಿಡಿದಾಗ ಯುದ್ಧದ ಬವಣೆ ನೇರವಾಗಿ ಕೈಗೆ ತಾಗುತ್ತದೆ.

ಮಾಯವಾದ ಊರುಗಳನ್ನು ಹುಡುಕುವುದು

1901ರಲ್ಲಿ ಅಮೆರಿಕದಲ್ಲಿ 76,945 ಅಂಚೆ ಕಚೇರಿಗಳಿದ್ದವು, ಅದೇ ಶಿಖರ. 1896ರಲ್ಲಿ ಹಳ್ಳಿ ಮನೆಗಳ ಬಾಗಿಲಿಗೇ ಅಂಚೆ ತಲುಪಿಸುವ ಏರ್ಪಾಡು ಶುರುವಾದ ಮೇಲೆ ಸಣ್ಣ ಕಚೇರಿಗಳು ಒಂದೊಂದಾಗಿ ಮುಚ್ಚಿದವು. ನಿಮ್ಮ ಕವರಿನ ಊರು ಈಗಿನ ನಕ್ಷೆಯಲ್ಲಿ ಸಿಗದಿದ್ದರೆ ಗಾಬರಿ ಬೇಡ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ, ಅಂದರೆ ನ್ಯಾಷನಲ್ ಆರ್ಕೈವ್ಸ್, 1832ರಿಂದ 1971ರವರೆಗಿನ ಪೋಸ್ಟ್ ಮಾಸ್ಟರುಗಳ ನೇಮಕದ ದಾಖಲೆ ಇಟ್ಟಿದೆ. ಕಚೇರಿ ಯಾವ ನದಿಯಿಂದ, ಯಾವ ರೈಲು ಹಳಿಯಿಂದ ಎಷ್ಟು ದೂರ ಎಂದು ಪೋಸ್ಟ್ ಮಾಸ್ಟರುಗಳು ತುಂಬಿ ಕಳಿಸಿದ 1837ರಿಂದ 1950ರವರೆಗಿನ ನಮೂನೆಗಳೂ ಅಲ್ಲಿವೆ. ಕಚೇರಿ ತೆರೆದ ದಿನ, ಮುಚ್ಚಿದ ದಿನ ಗೊತ್ತಾದರೆ ಇಸವಿಯಿಲ್ಲದ ಠಸ್ಸೆಯ ಕಾಲವೂ ಕಿರಿದಾಗುತ್ತದೆ.

ಕೊಳ್ಳುವಾಗ

ಸ್ಟಾಂಪ್ ಪ್ರದರ್ಶನಗಳಲ್ಲಿ ಡೀಲರುಗಳ ಮೇಜಿನ ಕೆಳಗೆ, ಪಕ್ಕದಲ್ಲಿ, ಅಗ್ಗದ ಕವರುಗಳ ಡಬ್ಬಿಗಳಿರುತ್ತವೆ. ಮೊದಲ ವರ್ಷ ಅಲ್ಲಿಂದ ಮೇಲೇಳಬೇಡಿ. ನೂರು ಕವರು ಮಗುಚಿ ಎರಡು ಕೊಂಡರೂ ಉಳಿದ ತೊಂಬತ್ತೆಂಟು ನಿಮಗೆ ಪಾಠ ಹೇಳಿರುತ್ತವೆ. ಅಂಚು ಕತ್ತರಿಸಿದ್ದೇ, ಠಸ್ಸೆಯ ಮೇಲೆ ಮಡಿಕೆ ಬಂದಿದೆಯೇ, ಒಳಗಿನ ಒಕ್ಕಣೆ ಉಳಿದಿದೆಯೇ, ಇಷ್ಟು ನೋಡಿ. ಅಪರೂಪದ ಊರಾದರೆ ಸವೆದ ಕವರೂ ಸರಿ. ಸಾಮಾನ್ಯ ಊರಾದರೆ ಸ್ವಚ್ಛವಾದದ್ದಕ್ಕೆ ಕಾಯಿರಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ಸೇರುತ್ತದೆ. ಭಾರತಕ್ಕೆ ತರಿಸುವವರು ಸಾಗಣೆ, ಕಸ್ಟಮ್ಸ್ ಖರ್ಚನ್ನು ಮೊದಲೇ ವಿಚಾರಿಸಿಕೊಳ್ಳಿ.

ಖೋಟಾ ಮಾಲಿನ ಕಾಟ ಅಗ್ಗದ ಡಬ್ಬಿಯಲ್ಲಿ ಕಡಿಮೆ, ಹೆಸರಾದ ವಿಷಯಗಳಲ್ಲಿ ಹೆಚ್ಚು. ಪೋನಿ ಎಕ್ಸ್‌ಪ್ರೆಸ್ ಇದಕ್ಕೆ ತಕ್ಕ ನಿದರ್ಶನ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗೆ ಕುದುರೆ ಸವಾರರು ಕಾಗದ ಒಯ್ದದ್ದು 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ಮಾತ್ರ. ಶುರುವಿನಲ್ಲಿ ಅರ್ಧ ಔನ್ಸಿಗೆ 5 ಡಾಲರ್! ಅಂದಮೇಲೆ ಕಳಿಸಿದವರೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ, ನಕಲಿ ಮಾಡಿದವರು ಮಾತ್ರ ಬಹಳ. ಇಂಥ ಕವರು ಕಡಿಮೆ ಬೆಲೆಗೆ ಎದುರಾದರೆ ಮುಟ್ಟಬೇಡಿ. ಇನ್ನೊಂದು ಮೋಸವೆಂದರೆ ಸ್ಟಾಂಪಿಲ್ಲದ ನಿಜವಾದ ಕವರಿಗೆ ಆಮೇಲೆ ಸ್ಟಾಂಪು ಅಂಟಿಸಿ, ಠಸ್ಸೆಯ ಗೆರೆ ಎಳೆದು ಕೂಡಿಸುವುದು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಸ್ಟಾಂಪಿನ ಅಂಚಿನಲ್ಲಿ ಶಾಯಿ ಹೇಗೆ ದಾಟಿದೆ ನೋಡಿ. ಒಂದೇ ಒತ್ತಿಗೆ ಬಿದ್ದ ಶಾಯಿಗೂ ಬ್ರಷ್ಷಿನಲ್ಲಿ ಎಳೆದದ್ದಕ್ಕೂ ಅಂತರ ಕಾಣುತ್ತದೆ. ನೇರಳಾತೀತ ದೀಪದಡಿ ಅಳಿಸಿದ ಜಾಗ, ಹೊಸ ಅಂಟು ಹೊಳೆಯಬಹುದು. ಎಲ್ಲಕ್ಕಿಂತ ಮೊದಲು ಮತ್ತದೇ ಲೆಕ್ಕ: ಬೇರಿಂಗ್ ಎಂದು 5 ಬರೆದಿರುವ ಕವರಿನ ಮೇಲೆ 5 ಸೆಂಟಿನ ಸ್ಟಾಂಪು ಯಾಕೆ ಕೂತಿದೆ? ದೊಡ್ಡ ಮೊತ್ತ ಕೊಡುವ ಮುನ್ನ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ ಅಥವಾ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯ ಪರಿಶೀಲನಾ ಪತ್ರ ಕೇಳಿ.

ಕಾಪಾಡುವುದು

ಪ್ಲಾಸ್ಟಿಕ್ ಚೀಲವೆಲ್ಲ ಒಂದೇ ಅಲ್ಲ. ಪಿವಿಸಿ ಚೀಲ ಕೆಲವು ವರ್ಷಕ್ಕೆ ಎಣ್ಣೆ ಬಿಟ್ಟುಕೊಂಡು ಶಾಯಿಯನ್ನು ಹಾಳುಮಾಡುತ್ತದೆ. ಪಾಲಿಯೆಸ್ಟರ್ ಚೀಲ ಬಳಸಿ, ಕೇಳುವಾಗ ‘ಮೈಲಾರ್’ ಎಂದು ಕೇಳಿ. ಸೆಲ್ಲೋಟೇಪು, ಲ್ಯಾಮಿನೇಷನ್, ಸ್ಟೇಪ್ಲರ್ ಯಾವುದೂ ಹತ್ತಿರ ಸುಳಿಯಬಾರದು. ಮಡಚಿದ ಕಾಗದವನ್ನು ಒಮ್ಮೆ ನಿಧಾನವಾಗಿ ಬಿಡಿಸಿ, ಫೋಟೊ ತೆಗೆದು, ಮಡಚಿಟ್ಟುಬಿಡಿ. ಆಮೇಲೆ ಓದುವುದೆಲ್ಲ ಫೋಟೊದಲ್ಲಿ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇರುವವರಿಗೆ ಮಳೆಗಾಲವೇ ದೊಡ್ಡ ಶತ್ರು. ಜೂನಿಗೆ ಮುಂಚೆಯೇ ಗಟ್ಟಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗೋಡೆಗೆ ತಾಗದಂತೆ ಇಡಿ, ತಿಂಗಳಿಗೊಮ್ಮೆ ತೆರೆದು ಬೆಳ್ಳಿಮೀನು ಹುಳು ಹೊಕ್ಕಿದೆಯೇ ನೋಡಿ.

ನಮ್ಮ ಕಡೆಗೆ ಬರುವ ದಾರಿ

ಸ್ವಲ್ಪ ಅನುಭವವಾದ ಮೇಲೆ ಭಾರತ–ಅಮೆರಿಕ ಕಾಗದಗಳತ್ತ ನೋಡಿ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದ. ಅಂಥ ವ್ಯಾಪಾರಿ ಹಡಗುಗಳು ಕಾಗದವನ್ನೂ ತರುತ್ತಿದ್ದವು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಹೆಸರು ಓಹಾಯೊ ರಾಜ್ಯದ ಬೆರಿಯಾ ಊರಿನ ಜಾನ್ ಬಾಲ್ಡ್‌ವಿನ್‌ನದು, ಹಣ ಕೊಟ್ಟವನು ಅವನು. ಶಾಲೆ ಶುರುವಾದದ್ದು 1880ರಲ್ಲಿ. ಆ ಹೊತ್ತಿಗೆ ಭಾರತವೂ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬೆಂಗಳೂರು ದಂಡಿನ ಠಸ್ಸೆಯೂ ಓಹಾಯೊದ ಠಸ್ಸೆಯೂ ಒಂದೇ ಲಕೋಟೆಯ ಮೇಲಿರುವ ಕವರಿಗಾಗಿ ನಾನು ಬಹಳ ಕಾಲದಿಂದ ಕಾಯುತ್ತಿದ್ದೇನೆ.

ಅದು ಸಿಗುವವರೆಗೆ ನನ್ನ ಬಳಿ ಕಲ್ಕತ್ತೆಯ ಒಂದು ಮಡಚಿದ ಕಾಗದವಿದೆ. ನೀಲಿ, ಪೆಟ್ಲುಪ್ಪು, ಗೋಣಿಯ ಧಾರಣೆಯೇ ತುಂಬಿರುವ ವ್ಯಾಪಾರದ ಕಾಗದ, ಉಭಯಕುಶಲೋಪರಿಗೆ ಎರಡು ಸಾಲೂ ಇಲ್ಲ. ಹೊರಗೆ ನ್ಯೂಯಾರ್ಕಿನ ಕೆಂಪು ಠಸ್ಸೆ, ‘ಶಿಪ್’ ಎಂಬ ಪದ, ಬಾಸ್ಟನ್ನಿನ ವಿಳಾಸ. ಮೂಲೆಯಲ್ಲಿ ಓರೆಯಾಗಿ 20¾. ದರಪಟ್ಟಿಯಲ್ಲಿ ಎಲ್ಲೂ ಇಲ್ಲದ ಅಂಕಿ. ಕಪ್ತಾನನಿಗೆ ಸಲ್ಲುವ 2 ಸೆಂಟನ್ನು ಕಳೆದು ನೋಡಿ: ಉಳಿಯುವುದು ಹದಿನೆಂಟೂ ಮುಕ್ಕಾಲು, ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಇನ್ನೂರು ಚಿಲ್ಲರೆ ಮೈಲಿಯ ದರ.